ಮುಸ್ತಫಾ ಇನ್ನೂ ಮನೆಗೆ ಬಂದಿಲ್ಲ, ಯಾಕೆ?

ದೀಪಾವಳಿಗೆ ಧಾರವಾಡದ ಅಣ್ಣನ ಮನೆಗೆ ಹೋಗಿದ್ದೆ. ಅಣ್ಣನ ಮಗನಿಗೆ ಈಗ ಹನ್ನೆರಡು ವರ್ಷ. ನಾನು ಬರ್ತೀನಿ ಅಂತ ಒಂದು ಗೇಮ್ ಇಳಿಸಿಟ್ಟಿದ್ದ. "ಕಾಕಾ, ಯಾವಾಗ್ಲೂ ಕಾಂಟ್ರಾ ಕಾಂಟ್ರಾ ಅಂತಿರ್ತಿಯಲ್ಲ, ಇದರಾಗ ಐತಿ ನೋಡು" ಅಂದ. ಕಾಂಟ್ರಾ ಅಂದರೆ ಓಡುತ್ತಾ ಗುಂಡು ಹಾರಿಸುವ ಹಳೆ ವಿಡಿಯೋ ಗೇಮ್. ಕೊನಾಮಿ ಕಂಪನಿ ಅದರ ಹಲವು ರೂಪಗಳನ್ನು ಒಟ್ಟಿಗೆ ಕಟ್ಟಿ 2019ರಲ್ಲಿ ಬಿಟ್ಟ ಸಂಕಲನ ಅದು. ನಾನು ಪಟ್ಟಿಯಲ್ಲಿ ಮೊದಲು ಕಂಡ ಕಾಂಟ್ರಾವನ್ನೇ ಒತ್ತಿದೆ. ಟಿವಿಯ ನಟ್ಟನಡುವೆ ಉದ್ದಕ್ಕೆ ನಿಂತ ಒಂದು ಚೌಕಟ್ಟಿನಲ್ಲಿ ಆಟ ಶುರುವಾಯಿತು. ಎರಡೂ ಪಕ್ಕ ಖಾಲಿ. ಬಣ್ಣ ಬೇರೆ, ಸದ್ದು ಬೇರೆ, ಹಾರುವ ರೀತಿಯೂ ಬೇರೆ. "ಇದು ನಮ್ಮ ಕಾಂಟ್ರಾ ಅಲ್ಲಲೇ" ಅಂದುಬಿಟ್ಟೆ. ಹುಡುಗನ ಮುಖ ಸಣ್ಣದಾಯಿತು.

ಪಟ್ಟಿಯಲ್ಲಿ ಇನ್ನಷ್ಟು ಕೆಳಗೆ ಹೋದರೆ ಮತ್ತೊಂದು ಕಾಂಟ್ರಾ ಇತ್ತು. ಅದನ್ನು ಒತ್ತಿದ ಕೂಡಲೇ ಬೆರಳಿಗೆ ಎಲ್ಲ ನೆನಪಾಯಿತು. ಹಾಗಾದರೆ ಮೊದಲು ನೋಡಿದ್ದು ಏನು? ಒಂದೇ ಹೆಸರಿನ ಎರಡು ಆಟ ಯಾಕೆ? ಹುಡುಗ ಕೇಳಿದ ಈ ಪ್ರಶ್ನೆಗೆ ಉತ್ತರ ಹೇಳುತ್ತಾ ಹೋದರೆ ಹಳೆ ಆರ್ಕೇಡ್ ಗೇಮ್‌ಗಳು ಇವತ್ತಿನ ಕನ್ಸೋಲ್‌ಗೆ, ಅಂದರೆ ಟಿವಿಗೆ ಹಚ್ಚಿ ಆಡುವ ಯಂತ್ರಕ್ಕೆ, ಹೇಗೆ ಬರುತ್ತವೆ ಅನ್ನುವ ಪೂರ್ತಿ ಕಥೆ ಬಿಚ್ಚಿಕೊಳ್ಳುತ್ತದೆ. ನಮ್ಮ ಕಡೆ ಹುಡುಗರು ಮುಸ್ತಫಾ ಅಂತ ಕರೆಯುತ್ತಿದ್ದ ಆಟ ಇನ್ನೂ ಯಾಕೆ ಬಂದಿಲ್ಲ ಅನ್ನುವುದೂ ಅದರಲ್ಲೇ ಇದೆ.

ಆರ್ಕೇಡ್ ಅಂದರೆ ಅಂಗಡಿಯಲ್ಲಿ ನಿಂತುಕೊಂಡು, ಕಾಯಿನ್ ಹಾಕಿ ಆಡುವ ದೊಡ್ಡ ಮಷಿನ್. ಕಾಂಟ್ರಾ ಹುಟ್ಟಿದ್ದು 1987ರಲ್ಲಿ, ಹಾಗೆ ಆರ್ಕೇಡ್ ಮಷಿನ್ ಆಗಿಯೇ. ಅದರ ಪರದೆಯನ್ನು ಉದ್ದಕ್ಕೆ ನಿಲ್ಲಿಸಿದ್ದರು. 1988ರಲ್ಲಿ ಕೊನಾಮಿ ಅದನ್ನು ನಿಂಟೆಂಡೋದ ಮನೆ ಯಂತ್ರಕ್ಕೆ ಅಂತ ಹೊಸದಾಗಿ ಕಟ್ಟಿತು. 90ರ ದಶಕದಲ್ಲಿ ನಾವು ಟಿವಿ ಗೇಮ್‌ಗೆ ಕ್ಯಾಸೆಟ್ ಚುಚ್ಚಿ ಆಡಿದ್ದು ಈ ಎರಡನೆಯದನ್ನು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಿದರೆ 30 ಜೀವ ಸಿಗುತ್ತಿತ್ತಲ್ಲ, ಅದು ಇದರಲ್ಲಿ ಮಾತ್ರ. ಅಂಗಡಿಯ ಮಷಿನ್‌ನಲ್ಲಿ ಯಾರು 30 ಜೀವ ಪುಕ್ಕಟೆ ಕೊಡುತ್ತಾರೆ?

ಹೀಗೆ ಒಂದು ಯಂತ್ರದ ಆಟವನ್ನು ಇನ್ನೊಂದು ಯಂತ್ರಕ್ಕೆ ಮತ್ತೆ ಬರೆಯುವುದಕ್ಕೆ ಪೋರ್ಟ್ ಅನ್ನುತ್ತಾರೆ. ದೊಡ್ಡ ಕಂಪನಿ ನಾಟಕವನ್ನು ಹಳ್ಳಿ ಜಾತ್ರೆಯ ಸಣ್ಣ ಸ್ಟೇಜಿಗೆ ಇಳಿಸಿದ ಹಾಗೆ. ಕಥೆ ಅದೇ, ಮಾತು ಸುಮಾರು ಅದೇ. ಆದರೆ ಅರಮನೆಯ ಪರದೆ ಇರುವುದಿಲ್ಲ, ಹತ್ತು ಸೈನಿಕರ ಬದಲು ಇಬ್ಬರೇ ಇರುತ್ತಾರೆ. ಇದಕ್ಕೆ ಬಹಳ ಹೆಸರಾದ ಉದಾಹರಣೆ ಪ್ಯಾಕ್‌ಮನ್. ಭೂತಗಳಿಂದ ತಪ್ಪಿಸಿಕೊಳ್ಳುತ್ತಾ ಚುಕ್ಕಿ ತಿನ್ನುವ ಇದು 1980ರಲ್ಲಿ ನಾಮ್ಕೋ ಕಂಪನಿಗಾಗಿ ತೋರು ಇವಾತಾನಿ ಮಾಡಿದ ಆಟ. 1982ರಲ್ಲಿ ಅದು ಅಟಾರಿ 2600 ಎಂಬ ಮನೆ ಯಂತ್ರಕ್ಕೆ ಬಂತು. ಆ ಯಂತ್ರದಲ್ಲಿ ಕೆಲಸಕ್ಕೆ ಸಿಗುತ್ತಿದ್ದ ಮೆಮೊರಿ ಬರೀ 128 ಬೈಟ್. ಒಂದು ಸಣ್ಣ ಎಸ್ಸೆಮ್ಮೆಸ್‌ನಷ್ಟು ಜಾಗ! ನಾಲ್ಕು ಭೂತಗಳನ್ನು ಒಟ್ಟಿಗೆ ತೋರಿಸಲಾಗದೆ ಅವು ಮಿಣಮಿಣ ಮಿನುಗುತ್ತಿದ್ದವು. ಲಕ್ಷಗಟ್ಟಲೆ ಜನ ಕೊಂಡರು, ಕೊಂಡವರಲ್ಲಿ ಬಹಳ ಜನ ಬೇಜಾರಾದರು. ಅದನ್ನು ಬರೆದವರ ತಪ್ಪು ಅಂತ ನನಗೆ ಅನಿಸುವುದಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ಆಟ ಓಡಿದ್ದೇ ದೊಡ್ಡದು.

ಈಗಿನ ಸಂಕಲನಗಳು ಹೆಚ್ಚಾಗಿ ಹೀಗೆ ಮತ್ತೆ ಬರೆಯುವುದಿಲ್ಲ. ಅವು ಮಾಡುವುದು ಎಮ್ಯುಲೇಷನ್. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಇಡೀ ವಿಷಯದ ಜೀವಾಳ ಇಲ್ಲೇ ಇದೆ.

ಆರ್ಕೇಡ್ ಮಷಿನ್‌ನ ಹಿಂದಿನ ಬಾಗಿಲು ತೆಗೆದರೆ ಒಳಗೆ ಒಂದು ಬೋರ್ಡ್ ಕಾಣುತ್ತದೆ. ಅದರ ಮೇಲೆ ಲೆಕ್ಕ ಮಾಡುವ ಪ್ರೊಸೆಸರ್, ಚಿತ್ರ ಬರೆಯುವ ಚಿಪ್, ಸದ್ದು ಮಾಡುವ ಚಿಪ್ ಇರುತ್ತವೆ. ಜೊತೆಗೆ ಸಾಲಾಗಿ ಕೂತ ರೋಮ್ ಚಿಪ್‌ಗಳು. ಆಟದ ಪ್ರೋಗ್ರಾಂ, ಚಿತ್ರ, ಸಂಗೀತ ಎಲ್ಲ ಇರುವುದು ಈ ರೋಮ್‌ಗಳಲ್ಲಿ. ಪ್ಯಾಕ್‌ಮನ್‌ನ ಪ್ರೋಗ್ರಾಂ ಪೂರ್ತಿ ಸೇರಿ 16 ಕಿಲೋಬೈಟ್ ಅಷ್ಟೇ. ಈ ಚಿಪ್‌ಗಳನ್ನು ಬಿಚ್ಚಿ, ಒಂದು ರೀಡರ್‌ನಲ್ಲಿ ಇಟ್ಟು, ಒಳಗಿದ್ದದ್ದನ್ನೆಲ್ಲ ಒಂದು ಬೈಟ್ ಕೂಡ ಬಿಡದೆ ಕಾಪಿ ಮಾಡಿಕೊಳ್ಳುತ್ತಾರೆ. ಇದಕ್ಕೆ ಡಂಪ್ ಮಾಡುವುದು ಅನ್ನುತ್ತಾರೆ.

ಆದರೆ ಆ ಪ್ರೋಗ್ರಾಂ ಇವತ್ತಿನ ಕನ್ಸೋಲ್‌ಗೆ ಅರ್ಥವಾಗುವುದಿಲ್ಲ. ಪ್ಯಾಕ್‌ಮನ್ ಮಾತಾಡುವುದು ಝಡ್80 ಎಂಬ ಹಳೆ ಪ್ರೊಸೆಸರ್‌ನ ಭಾಷೆ. ಹಾಗಾಗಿ ಝಡ್80 ಹೇಗೆ ನಡೆದುಕೊಳ್ಳುತ್ತಿತ್ತೋ ಹಾಗೇ ನಡೆದುಕೊಳ್ಳುವ ಒಂದು ಸಾಫ್ಟ್‌ವೇರ್ ಬರೆಯುತ್ತಾರೆ. ಚಿತ್ರದ ಚಿಪ್‌ಗೂ ಸದ್ದಿನ ಚಿಪ್‌ಗೂ ಅದೇ ರೀತಿ ಮಾಡುತ್ತಾರೆ. ಅಂದರೆ ಆಟವನ್ನು ಮುಟ್ಟುವುದೇ ಇಲ್ಲ, ಅದರ ಸುತ್ತ ಹಳೆಯ ಮಷಿನ್ ಅನ್ನು ಸಾಫ್ಟ್‌ವೇರ್‌ನಲ್ಲಿ ಮತ್ತೆ ಕಟ್ಟುತ್ತಾರೆ. 1980ರ ಆ ಪ್ರೋಗ್ರಾಂಗೆ ತಾನು ಧಾರವಾಡದ ಒಂದು ಹಾಲ್‌ನಲ್ಲಿ ಹೊಸ ಟಿವಿಯ ಮೇಲೆ ಓಡುತ್ತಿದ್ದೇನೆ ಅಂತ ಗೊತ್ತೇ ಆಗುವುದಿಲ್ಲ.

ಇದರ ಅಂದ ಏನು ಗೊತ್ತಾ? ಮೂಲದ ತಪ್ಪುಗಳೂ ಹಾಗೇ ಬರುತ್ತವೆ. ಪ್ಯಾಕ್‌ಮನ್ ತನ್ನ ಲೆವೆಲ್ ಎಣಿಸುವುದು ಒಂದೇ ಬೈಟ್‌ನಲ್ಲಿ. ಒಂದು ಬೈಟ್‌ನಲ್ಲಿ 0ಯಿಂದ 255ರವರೆಗೆ ಮಾತ್ರ ಎಣಿಸಬಹುದು. 256ನೇ ಲೆವೆಲ್‌ಗೆ ಬಂದರೆ ಲೆಕ್ಕ ತಪ್ಪಿ, ಬಲಗಡೆಯ ಅರ್ಧ ಪರದೆ ಅಕ್ಷರ, ಚಿತ್ರಗಳ ಕಲಸುಮೇಲೋಗರ ಆಗುತ್ತದೆ. ಎಮ್ಯುಲೇಟರ್ ಬರೆದವರು ಈ ತಪ್ಪನ್ನು ಬೇಕಂತಲೇ ಸೇರಿಸಿದ್ದಲ್ಲ. ಮೂಲ ಪ್ರೋಗ್ರಾಂ ಓಡಿದರೆ ತಪ್ಪೂ ತಾನಾಗೇ ಬರುತ್ತದೆ.

ಸ್ಪೇಸ್ ಇನ್ವೇಡರ್ಸ್ ಇನ್ನೂ ಚೆಂದದ ಉದಾಹರಣೆ. ಟೈಟೊ ಕಂಪನಿಯ ತೊಮೊಹಿರೊ ನಿಶಿಕಾಡೊ 1978ರಲ್ಲಿ ಮಾಡಿದ್ದು. ಪರದೆ ಮೇಲೆ 55 ಏಲಿಯನ್‌ಗಳು ಇರುತ್ತವೆ. ಪ್ರೊಸೆಸರ್ ಬಹಳ ನಿಧಾನ, ಎಲ್ಲವನ್ನೂ ಒಂದೇ ಸಲ ಸರಿಸಲು ಆಗುತ್ತಿರಲಿಲ್ಲ. ಅದಕ್ಕೆ ಸೆಕೆಂಡಿಗೆ 60 ಸಲ ಬದಲಾಗುವ ಚಿತ್ರದಲ್ಲಿ ಪ್ರತಿ ಸಲ ಒಂದೊಂದೇ ಏಲಿಯನ್ ಸರಿಯುತ್ತದೆ. 55 ಇದ್ದಾಗ ಇಡೀ ಗುಂಪು ಒಂದು ಹೆಜ್ಜೆ ಸರಿಯಲು ಸುಮಾರು ಒಂದು ಸೆಕೆಂಡ್ ಬೇಕು. ನೀವು ಹೊಡೆಯುತ್ತಾ ಹೋದಂತೆ ಉಳಿದವು ಬೇಗ ಬೇಗ ಸರಿಯುತ್ತವೆ. ಕೊನೆಗೆ ಒಂದೇ ಉಳಿದಾಗ ಹುಚ್ಚು ಹಿಡಿದಂತೆ ಓಡುತ್ತದೆ. ಆ ಎದೆಬಡಿತ ಹುಟ್ಟಿದ್ದು ಯಂತ್ರದ ಬಡತನದಿಂದ. ಎಮ್ಯುಲೇಷನ್‌ನಲ್ಲಿ ಹಳೆಯ ಪ್ರೊಸೆಸರ್‌ನ ನಿಧಾನವನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡಬೇಕು. ವೇಗದ ಕನ್ಸೋಲ್ ಇದೆ ಅಂತ ಸುಮ್ನೆ ಓಡಿಸಿಬಿಟ್ಟರೆ ಆಟವೇ ಸತ್ತುಹೋಗುತ್ತದೆ.

ಈ ಡಂಪ್ ಕೆಲಸಕ್ಕೆ ಒಂದು ಆತುರವೂ ಇತ್ತು. ಹಳೆಯ ಬೋರ್ಡ್‌ಗಳು ತುಕ್ಕು ಹಿಡಿಯುತ್ತವೆ, ಚಿಪ್‌ಗಳು ಸಾಯುತ್ತವೆ. ಕ್ಯಾಪ್ಕಾಮ್ ಕಂಪನಿಯ ಸಿಪಿಎಸ್-2 ಬೋರ್ಡ್‌ಗಳಲ್ಲಿ ಒಂದು ಬ್ಯಾಟರಿ ಇತ್ತು. ಕಳ್ಳ ಕಾಪಿ ಮಾಡಬಾರದು ಅಂತ ಪ್ರೋಗ್ರಾಂಗೆ ಬೀಗ ಹಾಕಿ, ಬೀಗದ ಕೈಯನ್ನು ಆ ಬ್ಯಾಟರಿಯ ಬಲದ ಮೇಲೆ ನಿಂತ ಮೆಮೊರಿಯಲ್ಲಿ ಇಟ್ಟಿದ್ದರು. ಬ್ಯಾಟರಿ ಮುಗಿದರೆ ಕೀಲಿ ಮಾಯ, ಬೋರ್ಡ್ ಪೂರ್ತಿ ಸತ್ತಂತೆ. ಆಟಗಾರರು ಅದನ್ನು ಆತ್ಮಹತ್ಯೆ ಬ್ಯಾಟರಿ ಅಂತಲೇ ಕರೆದರು. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರವರಿಯಲ್ಲಿ ಶುರು ಮಾಡಿದ ಮೇಮ್ ಎಂಬ ಎಮ್ಯುಲೇಟರ್ ಇಂಥ ಮಷಿನ್‌ಗಳ ಒಳಗನ್ನು ಸಾವಿರಗಟ್ಟಲೆ ದಾಖಲೆ ಮಾಡಿತು. ಮುಂದೆ ಸಿಪಿಎಸ್-2ರ ಬೀಗವನ್ನೂ ಉತ್ಸಾಹಿಗಳೇ ಬಿಡಿಸಿದರು. ದುಡ್ಡಿಗಲ್ಲದೆ, ಆಟ ಉಳಿಯಲಿ ಅಂತ ರಾತ್ರಿಗಟ್ಟಲೆ ಕೂತವರು ಇವರು. ನನಗೆ ಅವರ ಮೇಲೆ ದೊಡ್ಡ ಗೌರವ ಇದೆ.

ಪರದೆಯ ವಿಷಯಕ್ಕೆ ಬರೋಣ. ಹಳೆಯ ಮಷಿನ್‌ಗಳಲ್ಲಿ ಇದ್ದದ್ದು ದಪ್ಪ ಪಿಕ್ಚರ್ ಟ್ಯೂಬ್. ಕ್ಯಾಪ್ಕಾಮ್‌ನ ಆ ಕಾಲದ ಆಟಗಳಲ್ಲಿ ಅಡ್ಡ 384, ಉದ್ದ 224 ಚುಕ್ಕಿಗಳು ಇದ್ದವು. ಟ್ಯೂಬ್ ಅವುಗಳನ್ನು ಸ್ವಲ್ಪ ಹಿಂಡಿ, ಅಂಚು ಮೆತ್ತಗೆ ಮಾಡಿ ತೋರಿಸುತ್ತಿತ್ತು. ಚಿತ್ರ ಬರೆದವರಿಗೆ ಅದು ಗೊತ್ತಿತ್ತು, ಅದಕ್ಕೆ ತಕ್ಕಂತೆಯೇ ಬರೆದರು. ಅದೇ ಚುಕ್ಕಿಗಳನ್ನು ಈಗಿನ ಚಪ್ಪಟೆ ಟಿವಿಯಲ್ಲಿ ಹಿಗ್ಗಿಸಿದರೆ ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತದೆ. ಅದಕ್ಕೇ ಒಳ್ಳೆಯ ಸಂಕಲನಗಳು ಟ್ಯೂಬ್‌ನ ಅಡ್ಡಗೆರೆಗಳನ್ನು ತೋರಿಸುವ ಫಿಲ್ಟರ್ ಕೊಡುತ್ತವೆ. ಆದರೆ ಬಹಳ ಜನ ಮೊದಲು ಮಾಡುವ ಕೆಲಸ ಅಂದರೆ ಚಿತ್ರವನ್ನು ಟಿವಿ ತುಂಬ ಎಳೆಯುವುದು. ದಯವಿಟ್ಟು ಹಾಗೆ ಮಾಡಬೇಡಿ. ಸ್ಟ್ರೀಟ್ ಫೈಟರ್ ಎಂಬ ಹೊಡೆದಾಟದ ಆಟದ ರಿಯು, ಕೆನ್ ಇಬ್ಬರೂ ಅಡ್ಡಡ್ಡ ಊದಿಕೊಳ್ಳುತ್ತಾರೆ.

ಸಮಯದ ಲೆಕ್ಕವೂ ಇದೆ. ಮಾರ್ಟಲ್ ಕಾಂಬ್ಯಾಟ್ ಎಂಬ ಹೊಡೆದಾಟದ ಆಟದ ಮೂಲ ಮಷಿನ್ ಸೆಕೆಂಡಿಗೆ ಸುಮಾರು 54.7 ಚಿತ್ರ ತೋರಿಸುತ್ತಿತ್ತು. ಮನೆ ಟಿವಿ ತೋರಿಸುವುದು 60. ಹೊಂದಿಸದೆ ಬಿಟ್ಟರೆ ಆಟ ಹತ್ತರಲ್ಲಿ ಒಂದು ಪಾಲು ಜೋರಾಗಿ ಓಡುತ್ತದೆ, ಇಲ್ಲ ನಡುನಡುವೆ ಮುಗ್ಗರಿಸುತ್ತದೆ. ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಕೈ ಎತ್ತಿದ್ದಕ್ಕೂ ನಡುವೆ ತಡ ಆಗುವುದು ಇನ್ನೊಂದು ತೊಂದರೆ. ಒಂದು ಚಿತ್ರದ ಕಾಲ ಸುಮಾರು 16.7 ಮಿಲಿಸೆಕೆಂಡ್. ಅಂಥ ಐದಾರು ಚಿತ್ರ ತಡವಾದರೆ "ಗೇಮ್ ಯಾಕೋ ಜಡ ಐತಲ್ಲ" ಅಂತ ಕೈ ಹೇಳುತ್ತದೆ. ಕಾರಣ ಎಷ್ಟೋ ಸಲ ಟಿವಿಯೇ ಆಗಿರುತ್ತದೆ. ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ ನೋಡಿ.

ಈಗ ನನಗೆ ಬಹಳ ಇಷ್ಟವಾದ ವಿಷಯ. ಹುಬ್ಬಳ್ಳಿಯಲ್ಲಿ ನಾನು ಶಾಲೆಗೆ ಹೋಗುತ್ತಿದ್ದಾಗ ಎರಡು ವಿಡಿಯೋ ಗೇಮ್ ಅಂಗಡಿ ಗೊತ್ತಿದ್ದವು. ಒಂದು ದುರ್ಗದಬೈಲ್ ಹತ್ತಿರ, ಇನ್ನೊಂದು ಕೊಪ್ಪೀಕರ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ. ಎರಡರಲ್ಲೂ ಫೈನಲ್ ಫೈಟ್ ಇತ್ತು, ಕ್ಯಾಪ್ಕಾಮ್‌ನ 1989ರ ಆಟ. ಒಂದು ರೂಪಾಯಿಗೆ ಒಂದು ಕಾಯಿನ್. ದುರ್ಗದಬೈಲ್‌ನಲ್ಲಿ ಒಂದು ಕಾಯಿನ್‌ಗೆ ಮೂರನೇ ರೌಂಡ್ ತನಕ ಹೋಗುತ್ತಿದ್ದೆ. ಗಲ್ಲಿಯ ಅಂಗಡಿಯಲ್ಲಿ ಮೊದಲನೇ ಬಾಸ್‌ಗೇ, ಅಂದರೆ ರೌಂಡಿನ ಕೊನೆಗೆ ಬರುವ ದೊಡ್ಡ ಶತ್ರುವಿಗೇ, ಸಾಯುತ್ತಿದ್ದೆ. ಲೈಟ್ ಹೋದರೆ ಎರಡೂ ಕಡೆ ಆಟವೂ ಹೋಯಿತು, ರೂಪಾಯಿಯೂ ಹೋಯಿತು, ಆ ಮಾತು ಬೇರೆ. ಗಲ್ಲಿಯ ಮಷಿನ್‌ನ ಜಾಯ್‌ಸ್ಟಿಕ್ ಸರಿ ಇಲ್ಲ ಅಂತ ವರ್ಷಗಟ್ಟಲೆ ನಂಬಿದ್ದೆ.

ಎಷ್ಟೋ ವರ್ಷದ ಮೇಲೆ ಕ್ಯಾಪ್ಕಾಮ್‌ನ ಸಂಕಲನ ಒಂದರ ಸೆಟ್ಟಿಂಗ್ಸ್ ನೋಡುತ್ತಿದ್ದಾಗ ನಿಜ ತಿಳಿಯಿತು. ಆರ್ಕೇಡ್ ಬೋರ್ಡ್ ಮೇಲೆ ಡಿಪ್ ಸ್ವಿಚ್ ಎಂಬ ಪುಟ್ಟ ಪುಟ್ಟ ಸ್ವಿಚ್‌ಗಳ ಸಾಲು ಇರುತ್ತಿತ್ತು. ಒಂದು ಕಾಯಿನ್‌ಗೆ ಎಷ್ಟು ಜೀವ, ಶತ್ರು ಎಷ್ಟು ಗಟ್ಟಿ, ಹೆಚ್ಚಿನ ಜೀವ ಎಷ್ಟು ಅಂಕಕ್ಕೆ, ಎಲ್ಲವನ್ನೂ ಅಂಗಡಿಯವರು ಅಲ್ಲೇ ಹೊಂದಿಸಬಹುದಿತ್ತು. ಜಾಗಕ್ಕೆ ಬಾಡಿಗೆ, ಮಷಿನ್‌ಗೆ ಕರೆಂಟು, ಹಿಂದೆ ಕಾಯುತ್ತಾ ನಿಂತ ಹತ್ತು ಹುಡುಗರು. ಆಟ ಬೇಗ ಮುಗಿದರೆ ತಾನೇ ಮುಂದಿನ ರೂಪಾಯಿ ಬರುವುದು? ಸಂಕಲನದಲ್ಲಿ ಆ ಸ್ವಿಚ್‌ಗಳೇ ಮೆನುವಾಗಿ ನಮ್ಮ ಕೈಗೆ ಬಂದಿವೆ. ನಾನು ಜೀವ ಕಡಿಮೆ ಮಾಡಿ, ಕಷ್ಟ ಏರಿಸಿ ಆಡಿದೆ. ಮೊದಲನೇ ಬಾಸ್‌ಗೇ ಸತ್ತೆ. ಅದೇ ಗಲ್ಲಿ, ಅದೇ ಏಟು. ಜಾಯ್‌ಸ್ಟಿಕ್ ಸರಿಯಾಗೇ ಇತ್ತು ಅನಿಸುತ್ತದೆ.

ಆದರೆ ನಮ್ಮ ಊರಿನ ಒಂದು ಸ್ಟ್ರೀಟ್ ಫೈಟರ್ ಯಾವ ಸಂಕಲನದಲ್ಲೂ ಇಲ್ಲ. ಅದರಲ್ಲಿ ಗಾಳಿಯಲ್ಲಿ ಹಾರುತ್ತಲೇ ಬೆಂಕಿ ಉಂಡೆ ಬಿಡಬಹುದಿತ್ತು, ಫೈಟ್ ನಡುವೆಯೇ ಸ್ಟಾರ್ಟ್ ಒತ್ತಿ ಆಟಗಾರನನ್ನು ಬದಲಿಸಬಹುದಿತ್ತು. ಅದು ಕ್ಯಾಪ್ಕಾಮ್ ಮಾಡಿದ್ದೇ ಅಲ್ಲ. ಯಾರೋ ಮೂಲ ಪ್ರೋಗ್ರಾಂ ತಿದ್ದಿ ಮಾಡಿದ ಕಳ್ಳ ಬೋರ್ಡ್, ರೇನ್‌ಬೋ ಎಡಿಷನ್ ಅಂತ ಜಗತ್ತಿನ ತುಂಬ ಹರಡಿತ್ತು. 2018ರಲ್ಲಿ 12 ಆಟಗಳ ಸ್ಟ್ರೀಟ್ ಫೈಟರ್ ಸಂಕಲನ ಬಂತು. ಅದರಲ್ಲಿರುವುದು ಕಂಪನಿಯ ಅಸಲಿ ಆವೃತ್ತಿಗಳು. "ನಾವು ಆಡಿದ್ದು ಹೀಗಿರಲಿಲ್ಲ" ಅಂತ ನಿಮ್ಮ ಗೆಳೆಯರು ಯಾರಾದರೂ ಹೇಳಿದರೆ ಅವರ ನೆನಪು ತಪ್ಪಲ್ಲ.

ಇಷ್ಟಾಯಿತು, ಇನ್ನು ಮುಸ್ತಫಾ. ಹುಬ್ಬಳ್ಳಿ, ಗದಗ, ಹಾವೇರಿ, ಎಲ್ಲೇ ಆ ಕಾಲದ ಹುಡುಗರನ್ನು ಕೇಳಿ, ಮೊದಲು ಬರುವ ಹೆಸರು ಇದೇ. ಆಟದ ಅಸಲಿ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಬಂದದ್ದು 1993ರಲ್ಲಿ. ಅದರ ನಾಲ್ಕು ಜನರಲ್ಲಿ ಹಳದಿ ಟೋಪಿಯ ಮುಸ್ತಫಾ ಕೈರೋ ಒಬ್ಬ. ಓಡಿ ಬಂದು ಹಾರಿ ಒದೆಯುವ ಅವನೇ ಎಲ್ಲರಿಗೂ ಬೇಕು. ಅವನ ಹೆಸರೇ ಆಟದ ಹೆಸರಾಗಿ ಕೂತಿತು.

ಕ್ಯಾಪ್ಕಾಮ್ 2018ರಲ್ಲಿ ಇದೇ ಜಾತಿಯ 7 ಹೊಡೆದಾಟದ ಆಟಗಳನ್ನು ಒಟ್ಟಿಗೆ ಬಿಟ್ಟಿತು. ಫೈನಲ್ ಫೈಟ್ ಇತ್ತು, ಕ್ಯಾಪ್ಟನ್ ಕಮಾಂಡೊ ಇತ್ತು, ನೈಟ್ಸ್ ಆಫ್ ದ ರೌಂಡ್ ಇತ್ತು. ಮುಸ್ತಫಾ ಇರಲಿಲ್ಲ. 2021ರಲ್ಲಿ ಆರ್ಕೇಡ್ ಸ್ಟೇಡಿಯಂ ಬಂತು, ಮುಂದಿನ ವರ್ಷ ಅದರ ಎರಡನೇ ಭಾಗ. ಅಲ್ಲೂ ಇಲ್ಲ. ಎಮ್ಯುಲೇಷನ್ ಗೊತ್ತಿಲ್ಲದೆ ಅಲ್ಲ. ಅದೇ ಕಾಲದ, ಅದೇ ಜಾತಿಯ ಬೋರ್ಡ್‌ನ ಬೇರೆ ಆಟಗಳು ಬಂದಿವೆ. ತಡೆ ಇರುವುದು ಕಾಗದದಲ್ಲಿ ಅಂತಲೇ ಬಹಳ ಜನರ ಅಂದಾಜು. ಆಟದ ಕಥೆ, ಪಾತ್ರಗಳು ಕ್ಯಾಪ್ಕಾಮ್‌ನ ಸ್ವಂತದ್ದಲ್ಲ. ಅವು ಅಮೆರಿಕದ ಮಾರ್ಕ್ ಶುಲ್ಟ್ಜ್ ಬರೆದ ಕಾಮಿಕ್ಸ್‌ನವು. ಮೇಲಿಂದ ಕ್ಯಾಡಿಲಾಕ್ ಎಂಬ ಹೆಸರು ಜನರಲ್ ಮೋಟರ್ಸ್‌ನ ಕಾರಿನದು. ಆಗ ಆಗಿದ್ದ ಒಪ್ಪಂದ ಆವತ್ತಿನ ಆಟಕ್ಕೆ ಮಾತ್ರ ಇದ್ದಿರಬೇಕು. ಮತ್ತೆ ಮಾರಬೇಕು ಅಂದರೆ ಎಲ್ಲರ ಹತ್ತಿರ ಮತ್ತೆ ಸಹಿ ಬೇಕು. ಹಿರಿಯರ ಹೊಲ ಮಾರುವಾಗ ಎಲ್ಲ ಅಣ್ಣತಮ್ಮಂದಿರ ಸಹಿ ಬೇಕಾದ ಹಾಗೆ. ಒಬ್ಬರು ಬರದಿದ್ದರೂ ರಿಜಿಸ್ಟ್ರಿ ಆಗುವುದಿಲ್ಲ.

ಇದು ಮುಸ್ತಫಾ ಒಬ್ಬನ ಪಾಡಲ್ಲ. ಸೆಗಾ ಕಂಪನಿಯ 1986ರ ಔಟ್ ರನ್‌ನಲ್ಲಿ ಓಡುವುದು ಫೆರಾರಿ ಕಾರು. ಮುಂದೆ ಆಟ ಮತ್ತೆ ಬಂದಾಗ ಕಾರಿನ ಚಿತ್ರವನ್ನೇ ಸ್ವಲ್ಪ ತಿದ್ದಬೇಕಾಯಿತು. ನಿಂಟೆಂಡೋದ ಡಾಂಕಿ ಕಾಂಗ್ ಕಥೆ ಇನ್ನೂ ವಿಚಿತ್ರ. 1981ರಲ್ಲಿ ಅದರ ಪ್ರೋಗ್ರಾಂ ಬರೆದುಕೊಟ್ಟದ್ದು ಇಕೆಗಾಮಿ ತ್ಸುಶಿಂಕಿ ಎಂಬ ಬೇರೆ ಕಂಪನಿ. ಕೋಡ್ ಯಾರದು ಅಂತ ಜಗಳ ಕೋರ್ಟಿಗೆ ಹೋಗಿ, ಕೊನೆಗೆ ಹೊರಗೆ ರಾಜಿಯಾಯಿತು. ಮನೆ ಯಂತ್ರದ ಡಾಂಕಿ ಕಾಂಗ್ ಎಷ್ಟೋ ಸಲ ಬಂದರೂ, ಆರ್ಕೇಡ್‌ನ ಮೂಲ ಪ್ರತ್ಯೇಕವಾಗಿ ಮಾರಾಟಕ್ಕೆ ಬಂದದ್ದು 2018ರಲ್ಲಿ. ತಂದವರು ಜಪಾನಿನ ಹ್ಯಾಮ್‌ಸ್ಟರ್ ಕಂಪನಿ. ಇವರು 2014ರಿಂದ ಆರ್ಕೇಡ್ ಆರ್ಕೈವ್ಸ್ ಅಂತ ಹಳೆ ಆಟಗಳನ್ನು ಒಂದೊಂದಾಗಿ ಬಿಡುತ್ತಾ ಬಂದಿದ್ದಾರೆ. ದೊಡ್ಡ ಕಟ್ಟು ಬೇಡ, ಒಂದೇ ಆಟ ಸಾಕು ಅನ್ನುವವರಿಗೆ ಅದು ಒಳ್ಳೆಯದು. ಆಟದ ಜೊತೆ ಅದರ ಇತಿಹಾಸವೂ ಬೇಕು ಅನ್ನುವವರಿಗೆ ಡಿಜಿಟಲ್ ಎಕ್ಲಿಪ್ಸ್ 2022ರಲ್ಲಿ ಮಾಡಿದ ಅಟಾರಿ 50 ಇದೆ. ಅದರಲ್ಲಿ ಕಾಲದ ಸಾಲಿನ ಮೇಲೆ ನಡೆಯುತ್ತಾ, ಮಾಡಿದವರ ಮಾತು ಕೇಳಿ, ಅಲ್ಲೇ ಆಟ ಆಡಬಹುದು.

ಕೊಳ್ಳುವ ಮುಂಚೆ ಆಟಗಳ ಪಟ್ಟಿ ಓದಿ. ಆರ್ಕೇಡ್ ರೂಪವೋ ಮನೆ ರೂಪವೋ ನೋಡಿ, ಇಲ್ಲದಿದ್ದರೆ ನನಗೆ ಕಾಂಟ್ರಾದಲ್ಲಿ ಆದದ್ದೇ ನಿಮಗೂ ಆಗುತ್ತದೆ. ಇನ್ನೊಂದು, ಬೇರೆಯವರ ಪಾತ್ರಗಳಿರುವ ಆಟ ಆನ್‌ಲೈನ್ ಅಂಗಡಿಯಲ್ಲಿ ಇವತ್ತು ಕಂಡರೆ ನಾಳೆ ಇರುತ್ತದೆ ಅಂತ ನಂಬಬೇಡಿ. ಮಾರ್ವೆಲ್ ಕಾಮಿಕ್ಸ್‌ನ ಪಾತ್ರಗಳಿದ್ದ ಮಾರ್ವೆಲ್ ವರ್ಸಸ್ ಕ್ಯಾಪ್ಕಾಮ್ 2 ಹಾಗೇ 2013ರ ಕೊನೆಗೆ ಅಂಗಡಿಯಿಂದ ಮಾಯವಾಯಿತು. ಮತ್ತೆ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ, 7 ಆಟಗಳ ಸಂಕಲನದೊಳಗೆ.

ಆ 7ರಲ್ಲಿ ಒಂದು ಪನಿಷರ್. ಮುಸ್ತಫಾ ಬಂದ 1993ರಲ್ಲೇ ಬಂದ ಆಟ, ಅದೇ ತರದ ಬೋರ್ಡ್, ಅದರಲ್ಲೂ ಬೇರೆಯವರ ಪಾತ್ರಗಳು. ಅದರ ಆರ್ಕೇಡ್ ರೂಪ ಮನೆಗೆ ಬರಲು 31 ವರ್ಷ ಬೇಕಾಯಿತು. ಆದರೂ ಬಂತಲ್ವಾ? ಅದನ್ನು ನೋಡಿದ ದಿನದಿಂದ ಕ್ಯಾಪ್ಕಾಮ್‌ನ ಪ್ರತಿ ಹೊಸ ಪಟ್ಟಿಯನ್ನೂ ಕೊನೇ ಸಾಲಿನ ತನಕ ಓದುತ್ತೇನೆ.

ದೀಪಾವಳಿಯ ಮರುದಿನ ಅಣ್ಣನ ಮಗನೂ ನಾನೂ ಪನಿಷರ್ ಹಾಕಿದೆವು. ಸತ್ತ ಕೂಡಲೇ ಅವನು ಕಾಯಿನ್ ಬಟನ್ ಒತ್ತುತ್ತಿದ್ದ. ಒತ್ತಿದಷ್ಟು ಜೀವ. ಹತ್ತು ನಿಮಿಷಕ್ಕೆ ಅವನಿಗೆ ಬೇಜಾರು ಬಂತು. ಆಗ ಒಂದು ರೂಲ್ ಮಾಡಿದೆ. ನಮ್ಮವ್ವ ನನಗೆ ಕೊಡುತ್ತಿದ್ದದ್ದು ಮೂರು ರೂಪಾಯಿ, ಆದ್ದರಿಂದ ತಲಾ ಮೂರೇ ಕಾಯಿನ್. ಅವನು ಬೆನ್ನು ನೆಟ್ಟಗೆ ಮಾಡಿ ಕೂತ. ಎರಡನೇ ಕಾಯಿನ್ ಮುಗಿದಾಗ ಗುಂಡಿನ ಮುಂದೆ ನುಗ್ಗುವುದನ್ನು ಬಿಟ್ಟು, ಪಕ್ಕಕ್ಕೆ ಸರಿದು ಹೊಡೆಯಲು ಕಲಿತಿದ್ದ. ಮೂರನೆಯದೂ ಹೋದಾಗ ಪರದೆ ಮೇಲೆ ಕೌಂಟ್‌ಡೌನ್ ಶುರುವಾಯಿತು, ಒಂಬತ್ತು, ಎಂಟು, ಏಳು.

"ಕಾಕಾ, ನಿನ್ನ ಕಾಯಿನ್ ಒಂದು ಉಳದೈತಲ್ಲ" ಅಂದ. ಕೊಟ್ಟೆ.